ಶ್ವಾಸಕೋಶದ ಕ್ಷಯರೋಗ ಮತ್ತು ಟಿ ಜೀವಕೋಶಗಳು: ರೋಗಿಯ ಕುಟುಂಬದವರಿಗೆ ಮಾಹಿತಿ

ಕುಟುಂಬದ ಒಬ್ಬ ಸದಸ್ಯರಿಗೆ ಶ್ವಾಸಕೋಶದ ಕ್ಷಯರೋಗ ದೃಢಪಟ್ಟಾಗ ಮನೆಯ ಉಳಿದವರನ್ನೂ ತಪಾಸಣೆಗೆ ಕರೆಯಲಾಗುತ್ತದೆ. ಕೆಮ್ಮು, ಜ್ವರ ಯಾವುದೂ ಇಲ್ಲದವರಿಗೆ ತಪಾಸಣೆ ಏಕೆ ಎಂಬ ಸಂದೇಹ ಸಹಜ. ಸೋಂಕು ತಗಲುವುದು ಬೇರೆ, ರೋಗ ಬರುವುದು ಬೇರೆ. ಇವೆರಡರ ನಡುವೆ ತಡೆಗೋಡೆಯಾಗಿ ನಿಲ್ಲುವವುಗಳಲ್ಲಿ ಟಿ ಜೀವಕೋಶಗಳು ಪ್ರಮುಖವಾದವು.

ಟಿ ಜೀವಕೋಶಗಳೆಂದರೇನು?
ಇವು ಬಿಳಿ ರಕ್ತಕಣಗಳ ಒಂದು ವಿಧ. ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಬಲಿಯುವುದರಿಂದ ಈ ಹೆಸರು ಬಂದಿದೆ.

ಇವು ರೋಗಾಣುವನ್ನು ಹೇಗೆ ತಡೆಯುತ್ತವೆ?
ರೋಗಿಯು ಕೆಮ್ಮಿದಾಗ ಕ್ಷಯದ ರೋಗಾಣು ಗಾಳಿಯ ಮೂಲಕ ಇನ್ನೊಬ್ಬರ ಶ್ವಾಸಕೋಶವನ್ನು ಸೇರುತ್ತದೆ. ಅಲ್ಲಿನ ಭಕ್ಷಕ ಕೋಶಗಳು ಅದನ್ನು ನುಂಗಿದರೂ ಅದು ಆ ಕೋಶದೊಳಗೇ ಬದುಕಿ ವೃದ್ಧಿಯಾಗಬಲ್ಲದು. ದುಗ್ಧಗ್ರಂಥಿಗಳಲ್ಲಿ ಟಿ ಜೀವಕೋಶಗಳು ಸಜ್ಜಾಗಲು ಕೆಲವು ವಾರಗಳು ಬೇಕು. ಬಳಿಕ ಸಿಡಿ4 ಎಂಬ ಟಿ ಜೀವಕೋಶಗಳು ಶ್ವಾಸಕೋಶಕ್ಕೆ ಬಂದು, ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸ್ರವಿಸಿ, ಭಕ್ಷಕ ಕೋಶಗಳಿಗೆ ರೋಗಾಣುವನ್ನು ಕೊಲ್ಲುವ ಶಕ್ತಿ ನೀಡುತ್ತವೆ. ಸಿಡಿ8 ಜೀವಕೋಶಗಳು ಸೋಂಕಿತ ಕೋಶಗಳನ್ನೇ ನಾಶಪಡಿಸುತ್ತವೆ. ಎಲ್ಲವೂ ಸೇರಿ ರೋಗಾಣುಗಳ ಸುತ್ತ ಒಂದು ಸಣ್ಣ ಗಂಟು ಕಟ್ಟಿಕೊಳ್ಳುತ್ತದೆ. ಅದರೊಳಗೆ ಕೆಲವು ರೋಗಾಣುಗಳು ವರ್ಷಗಟ್ಟಲೆ ಜೀವಂತವಾಗಿರಬಹುದು. ಸಾಮಾನ್ಯವಾಗಿ ಸೋಂಕಿತರಲ್ಲಿ ಶೇ. 5ರಿಂದ 10ರಷ್ಟು ಜನರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಬರುತ್ತದೆ.

ಯಾರಿಗೆ ಅಪಾಯ ಹೆಚ್ಚು?
ಎಚ್‌ಐವಿ ಸೋಂಕು ಸಿಡಿ4 ಜೀವಕೋಶಗಳನ್ನೇ ನಾಶಪಡಿಸುತ್ತದೆ. ಅಪೌಷ್ಟಿಕತೆ, ಮಧುಮೇಹ ಹಾಗೂ ಸಂಧಿವಾತಕ್ಕೆ ನೀಡುವ ಕೆಲವು ಔಷಧಗಳಿಂದಲೂ ಈ ಕಾವಲು ಸಡಿಲವಾಗುತ್ತದೆ. 5 ವರ್ಷದೊಳಗಿನ ಮಕ್ಕಳಲ್ಲಿ ಅದು ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಹುಟ್ಟಿದಾಗ ನೀಡುವ ಬಿಸಿಜಿ ಲಸಿಕೆಯು ಮಕ್ಕಳನ್ನು ಮಿದುಳಿನ ಪೊರೆಯ ಕ್ಷಯದಂತಹ ತೀವ್ರ ಸ್ವರೂಪಗಳಿಂದ ಬಹುಮಟ್ಟಿಗೆ ರಕ್ಷಿಸುತ್ತದೆ. ಆದರೂ ಲಸಿಕೆ ಪಡೆದ ಮಕ್ಕಳನ್ನೂ ತಪಾಸಣೆಗೆ ಕರೆತರುವುದು ಅವಶ್ಯಕ.

ಚರ್ಮ ಪರೀಕ್ಷೆ
ಮುಂದೋಳಿನ ಚರ್ಮದೊಳಗೆ ಚುಚ್ಚುಮದ್ದು ನೀಡಿ 48ರಿಂದ 72 ಗಂಟೆಗಳ ನಂತರ ಆ ಜಾಗವನ್ನು ಅಳೆಯಲಾಗುತ್ತದೆ. ರೋಗಾಣುವನ್ನು ಹಿಂದೆ ಎದುರಿಸಿದ ಟಿ ಜೀವಕೋಶಗಳು ಅಲ್ಲಿ ಸೇರುವುದರಿಂದ ಗಟ್ಟಿಯಾದ ಊತ ಕಾಣುತ್ತದೆ. ಊತವು ಸೋಂಕಿನ ಗುರುತೇ ಹೊರತು ರೋಗದ ಗುರುತಲ್ಲ, ಗಾಬರಿಪಡುವ ಅಗತ್ಯವಿಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಸೋಂಕಿದ್ದರೂ ಊತ ಕಾಣದಿರಬಹುದು. ಆದುದರಿಂದ ವೈದ್ಯರು ಸೂಚಿಸಿದಲ್ಲಿ ಎದೆಯ ಕ್ಷ-ಕಿರಣ ಮತ್ತು ಕಫ ಪರೀಕ್ಷೆಯನ್ನೂ ಮಾಡಿಸಿಕೊಳ್ಳತಕ್ಕದ್ದು.

ದೊರೆಯುವ ಸೌಲಭ್ಯಗಳು
• ರೋಗವಿಲ್ಲವೆಂದು ಖಚಿತವಾದ ಕುಟುಂಬ ಸದಸ್ಯರಿಗೆ ವೈದ್ಯರ ಸಲಹೆಯಂತೆ ಕ್ಷಯ ತಡೆ ಚಿಕಿತ್ಸೆ.
• ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಕಫ ಪರೀಕ್ಷೆ ಹಾಗೂ ಔಷಧ.
• ನಿ-ಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯಲ್ಲಿರುವ ರೋಗಿಯ ಬ್ಯಾಂಕ್ ಖಾತೆಗೆ ಪೌಷ್ಟಿಕ ಆಹಾರಕ್ಕಾಗಿ ಸಹಾಯಧನ. ಇದನ್ನು ನವೆಂಬರ್ 2024ರಿಂದ ತಿಂಗಳಿಗೆ 500 ರೂ.ಗಳಿಂದ 1,000 ರೂ.ಗಳಿಗೆ ಹೆಚ್ಚಿಸಲಾಗಿದೆ.

ಆರಾಮವೆನಿಸಿದ ಮಾತ್ರಕ್ಕೆ ಔಷಧವನ್ನು ಮಧ್ಯದಲ್ಲಿ ನಿಲ್ಲಿಸಬಾರದು. ಹೆಚ್ಚಿನ ಮಾಹಿತಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಉಚಿತ ಸಹಾಯವಾಣಿ 1800-11-6666 ಅನ್ನು ಸಂಪರ್ಕಿಸುವುದು.