ಐವತ್ತರಲ್ಲಿ ಕಿಕ್‌ಗೆ ಎಷ್ಟು ಅಂಕ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕರಲ್ಲಿ ಯಾವ ಊರಿನ ವೈನ್ ಶಾಪ್ ಮುಂದೆ ಬೇಕಾದ್ರೂ ಐದು ನಿಮಿಷ ನಿಂತು ನೋಡಿ. ಕೌಂಟರ್‌ಗೆ ಬರೋ ಗಿರಾಕಿ ಬಿಯರ್ ಹೆಸರು ಹೇಳೋದಕ್ಕೂ ಮೊದಲು ಒಂದು ಮಾತು ಹೇಳ್ತಾನೆ. "ಅಣ್ಣಾ, ಸ್ಟ್ರಾಂಗ್ ಕೊಡು." ಕೂಲ್ ಇದೆಯಾ, ಸ್ಟ್ರಾಂಗ್ ಇದೆಯಾ, ಅಷ್ಟೇ ವಿಚಾರಣೆ. ರುಚಿ ಹೇಗಿದೆ ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ. ಮಾವಿನಹಣ್ಣನ್ನು ಮೂಸಿ, ಒತ್ತಿ, ತೊಟ್ಟು ನೋಡಿ ಕೊಳ್ಳೋ ಶ್ರೀನಿವಾಸಪುರದ ಮನುಷ್ಯ, ಬಿಯರ್ ವಿಷಯಕ್ಕೆ ಬಂದಾಗ ಮಾತ್ರ ಬಾಟಲಿ ಮೇಲಿನ ಒಂದು ಪದ ನೋಡಿ ದುಡ್ಡು ಕೊಡ್ತಾನೆ. ಯಾಕೆ?

ಇವತ್ತು ಸ್ಟ್ರಾಂಗ್ ಆಗಿಯೂ ಇರುವ, ರುಚಿ ನೋಡೋಕೂ ಯೋಗ್ಯವಾದ ಒಂದು ಬಿಯರ್ ಬಗ್ಗೆ ಹೇಳ್ತೀನಿ. ಹೆಸರು ಚಾಕೊಲೇಟ್ ಓಟ್‌ಮೀಲ್ ಸ್ಟೌಟ್. "ಏನ್ರೀ, ಟಿವಿಯಲ್ಲಿ ಕೂತು ಕುಡಿಯೋದು ಹೇಳಿಕೊಡ್ತೀರಾ?" ಅಂತ ಕೇಳುವವರಿಗೆ ಮೊದಲೇ ಉತ್ತರ ಕೊಡ್ತೀನಿ. ಕುಡಿಯದವರು ದಯವಿಟ್ಟು ಶುರು ಮಾಡಬೇಡಿ. 21 ತುಂಬದವರಿಗೆ ಈ ಮಾತು ಅಲ್ಲವೇ ಅಲ್ಲ. ಕುಡಿಯುವವರು ಮಾತ್ರ, ತಾವು ಏನು ಕುಡೀತಿದ್ದೀವಿ, ಎಷ್ಟು ಕುಡೀತಿದ್ದೀವಿ ಅಂತ ತಿಳಿದುಕೊಳ್ಳಲಿ.

ಸ್ಟೌಟ್ ಅಂದ್ರೆ ಕಪ್ಪು ಬಿಯರ್. ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಇದನ್ನ ಹುಡುಕಿ ಸುಸ್ತಾಗಬೇಡಿ. ಕೋಲಾರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೋದರೆ ಇಂದಿರಾನಗರ. 2010ರಲ್ಲಿ ಅಲ್ಲಿ ಶುರುವಾದ ಟಾಯ್ಟ್‌ನಂಥ ಕಡೆಗಳಲ್ಲಿ ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಕೊಡ್ತಾರೆ. ಇವನ್ನು ಮೈಕ್ರೋ ಬ್ರೂವರಿ ಅಂತಾರೆ. ಟಾಯ್ಟ್‌ನವರ ಸ್ಟೌಟ್ ಹೆಸರು ಡಾರ್ಕ್ ನೈಟ್. ಬೆಂಗಳೂರಿಗರಿಗೆ ಕಪ್ಪು ಬಿಯರಿನ ಪರಿಚಯ ಆಗಿದ್ದು ಹೆಚ್ಚಾಗಿ ಇಂಥ ಕಡೆಗಳಲ್ಲೇ.

ಈಗ ಮೊದಲ ಪ್ರಶ್ನೆ. ಇದರಲ್ಲಿ ಚಾಕೊಲೇಟ್ ಎಲ್ಲಿದೆ? ಎಷ್ಟೋ ಸಲ ಇರೋದೇ ಇಲ್ಲ! ಕೆಲವರು ಕೋಕೋ ಹಾಕ್ತಾರೆ, ಹಾಕದೆಯೂ ಚಾಕೊಲೇಟ್ ರುಚಿ ಬರುತ್ತೆ. ಅದು ಹೇಗೆ ಅನ್ನೋದು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿರೋ ವಿದ್ಯೆ. ಮಗುವಿಗೆ ರಾಗಿ ಮಾಲ್ಟ್ ಮಾಡೋದು ಹೇಗೆ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ ಬರೋವರೆಗೆ ಹುರಿದು, ಬೀಸಿ ಇಡ್ತಾರೆ. ಬಿಯರಿಗೆ ಬಾರ್ಲಿಯನ್ನ ಮಾಡೋದೂ ಇದನ್ನೇ. ಮೊಳಕೆ ಒಡೆದಾಗ ಕಾಳಿನೊಳಗೆ ಕಿಣ್ವಗಳು ಎಚ್ಚರವಾಗುತ್ತವೆ. ಆಮೇಲೆ ಬಿಸಿನೀರಿನಲ್ಲಿ ಅವು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯ ಮಾಡುತ್ತೆ. ಮೊಳಕೆ ಬಾರ್ಲಿಯನ್ನು ಕಡುಕಂದು ಬಣ್ಣ ಬರೋ ತನಕ ಹುರಿದರೆ ಅದಕ್ಕೆ ಚಾಕೊಲೇಟ್ ಮಾಲ್ಟ್ ಅಂತ ಹೆಸರು. ಹುರಿತ ಇನ್ನೂ ಹೆಚ್ಚಾದರೆ ಕಾಫಿ ಬೀಜದ ಕಹಿ. ಅದಕ್ಕೂ ಮೀರಿದರೆ ಇದ್ದಿಲು. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಇದಕ್ಕಾಗಿಯೇ ತಿರುಗುವ ಡ್ರಮ್ಮಿನ ಯಂತ್ರಕ್ಕೆ ಪೇಟೆಂಟ್ ಪಡೆದ. ಬಣ್ಣ ಕಪ್ಪಾದ್ರೆ ಮದ್ಯ ಜಾಸ್ತಿ ಅನ್ನೋದು ನಮ್ಮಲ್ಲಿರೋ ದೊಡ್ಡ ತಪ್ಪು ತಿಳುವಳಿಕೆ. ಬಣ್ಣ ಬರೋದು ಹುರಿದದ್ದರಿಂದ, ಮದ್ಯ ಬರೋದು ಸಕ್ಕರೆಯಿಂದ. ಎರಡಕ್ಕೂ ಸಂಬಂಧವಿಲ್ಲ.

ಎರಡನೇ ಪ್ರಶ್ನೆ. ಓಟ್ಸ್ ಯಾಕೆ? ನಾಲಿಗೆಗೆ ನುಣುಪು ಸಿಗಲಿ ಅಂತ. ಓಟ್ಸಿನಲ್ಲಿ ಬೀಟಾ ಗ್ಲೂಕನ್ ಅನ್ನೋ ಅಂಟು ನಾರು ಇದೆ. ಗಂಜಿ ಕುಡಿದಾಗ ಬಾಯಲ್ಲಿ ಜಾರುತ್ತಲ್ಲ, ಆ ಗುಣ ಅದರದ್ದು. ಅದನ್ನೂ ಅಳತೆ ಮೀರಿ ಹಾಕೋ ಹಾಗಿಲ್ಲ. ಹಾಕಿದರೆ ಹಂಡೆಯಲ್ಲಿರೋದೆಲ್ಲ ಅಂಬಲಿಯಂತೆ ಮಂದವಾಗಿ ಸೋಸೋದಕ್ಕೇ ಆಗಲ್ಲ.

ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಓಟ್ಸ್ ಸ್ಟೌಟನ್ನು ಪುಷ್ಟಿ ಕೊಡೋ ಪಾನೀಯ ಅಂತ ಮಾರಿದರು. ಕ್ರಮೇಣ ಅದು ಮರೆಯಾಯಿತು. 1980ರಲ್ಲಿ ಯಾರ್ಕ್‌ಶೈರಿನ ಸ್ಯಾಮ್ಯುಯಲ್ ಸ್ಮಿತ್ ಬ್ರೂವರಿ ಅದಕ್ಕೆ ಮತ್ತೆ ಜೀವ ಕೊಟ್ಟಿತು. ರುಚಿ ವಾಪಸ್ ಬಂತು, ಒಳ್ಳೇದೇ. ಆದರೆ ಆ ಪುಷ್ಟಿಯ ಕತೆಯನ್ನ ನಂಬಬೇಡಿ. "ಬಿಯರ್ ಕುಡಿದ್ರೆ ಮೈ ತುಂಬ್ಕೊಳ್ಳುತ್ತೆ" ಅನ್ನೋ ಮಾತು ನಮ್ಮಲ್ಲೂ ಇದೆ. ಎಷ್ಟೇ ಕಡಿಮೆ ಕುಡಿದರೂ ಮದ್ಯ ಅಪಾಯವಿಲ್ಲದ್ದು ಅಂತ ಹೇಳೋಕಾಗಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದ್ರೆ ಇದರ ರುಚಿ ನೋಡೋದು ಹೇಗೆ? ಅಮೆರಿಕದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆ ತೀರ್ಪುಗಾರರಿಗೆ ಒಂದು ಅಂಕಪಟ್ಟಿ ಕೊಟ್ಟಿದೆ. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅನ್ನಿಸೋ ಮೈಗೆ 5, ಒಟ್ಟಾರೆ ಹೇಗಿತ್ತು ಅನ್ನೋದಕ್ಕೆ 10. ಕೂಡಿ ನೋಡಿ, 50 ಆಯ್ತು. ಕಿಕ್‌ಗೆ ಎಷ್ಟು? ಸೊನ್ನೆ!

ಬೆಂಗಳೂರಿನ ಒಂದು ಮೈಕ್ರೋ ಬ್ರೂವರಿಯಲ್ಲಿ ಶೇಕಡಾ 7ರ ಇಂಥದೊಂದು ಸ್ಟೌಟನ್ನು ನಾನು ಇದೇ ಪಟ್ಟಿ ಹಿಡಿದು ನೋಡಿದೆ. ಗ್ಲಾಸು 300 ಮಿಲಿ. ತಂದ ತಕ್ಷಣ ಮುಟ್ಟಲಿಲ್ಲ, ಹತ್ತು ನಿಮಿಷ ಬಿಟ್ಟೆ. ಐಸಿನಂತೆ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತೆ, ರುಚಿಯೂ ಬಾಯಿ ಬಿಡಲ್ಲ. 10ರಿಂದ 12 ಡಿಗ್ರಿ ಇದಕ್ಕೆ ಸರಿ. ಬಣ್ಣ ಡಿಕಾಕ್ಷನ್ನಿನಂತೆ, ನೊರೆ ಕಾಫಿ ನೊರೆಯಂತೆ ಕಂದು. ಮೂಸಿದರೆ ಮೊದಲು ಹುರಿಹಿಟ್ಟಿನ ಡಬ್ಬ ತೆರೆದ ಘಮ, ಆಮೇಲೆ ಕೋಕೋ. ಒಂದು ಗುಟುಕು ಬಾಯಲ್ಲಿ ಆಡಿಸಿದೆ. ಮೊದಲು ಜೋನಿ ಬೆಲ್ಲದಂಥ ಸಿಹಿ, ನಡುವೆ ಚಿಕೋರಿ ಕಾಫಿಯ ಕಹಿ, ಓಟ್ಸಿನ ನುಣುಪು. ನುಂಗಿದ ಮೇಲೆ ಕೊನೆಯಲ್ಲಿ ಸ್ವಲ್ಪ ಒಗರು ಉಳಿಯಿತು. ಅಲ್ಲಿ ಎರಡು ಅಂಕ ಕಳೆದೆ. ಹುರಿತ ಒಂದು ಕೈ ಜಾಸ್ತಿಯಾಗಿತ್ತು. ಗಂಟಲು ಮಾತ್ರ ಸುಡಲಿಲ್ಲ. ಪೂರ್ತಿ ಅಂಕ ಕೂಡಿದಾಗ 36 ಬಂತು. ಒಳ್ಳೆಯದೇ.

ಇಲ್ಲೇ ಇದೆ ನೋಡಿ ಸೂಕ್ಷ್ಮ. ಒಳ್ಳೆಯ ಸ್ಟ್ರಾಂಗ್ ಬಿಯರಿನಲ್ಲಿ ಮದ್ಯ ಹಿಂದೆ ನಿಂತಿರುತ್ತೆ, ಕಾಳಿನ ರುಚಿ ಮುಂದೆ ಬರುತ್ತೆ. ಗಂಟಲು ಉರಿಯೋದು ಗುಣ ಅಲ್ಲ, ದೋಷ. ಒದ್ದೆ ರಟ್ಟಿನ ವಾಸನೆ ಬಂತಾ? ಬಿಯರ್ ಹಳಸಿದೆ. ಬೇಡದ ಹುಳಿ ಬಂತಾ? ಒಳಗೆ ಬ್ಯಾಕ್ಟೀರಿಯಾ ಸೇರಿದೆ. ಬೆಣ್ಣೆ ವಾಸನೆ ಗಾಢವಾಗಿದೆಯಾ? ಯೀಸ್ಟ್ ಕೆಲಸ ಮುಗಿಸೋ ಮೊದಲೇ ಇಳಿಸಿದ್ದಾರೆ. ದುಡ್ಡು ಕೊಡೋರು ನೀವು. ಇದನ್ನ ಕೇಳೋ ಹಕ್ಕು ನಿಮಗಿದೆ.

ಇನ್ನು ಅಂಗಡಿಯ "ಸ್ಟ್ರಾಂಗ್" ಲೆಕ್ಕಕ್ಕೆ ಬರೋಣ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಶೇಕಡಾ 5ಕ್ಕಿಂತ ಹೆಚ್ಚು, 8ರವರೆಗೆ ಮದ್ಯಾಂಶ ಇದ್ದರೆ ಅದು ಸ್ಟ್ರಾಂಗ್. ಶೇಕಡಾ 8ರ ಒಂದು 650 ಮಿಲಿ ಬಾಟಲಿಯಲ್ಲಿ 52 ಮಿಲಿ ಶುದ್ಧ ಮದ್ಯ ಇರುತ್ತೆ. ಶೇಕಡಾ 42.8ರ ವಿಸ್ಕಿ 60 ಮಿಲಿಯಂತೆ ಎರಡು ಪೆಗ್ ಹಾಕಿದರೆ ಎಷ್ಟು? 51 ಮಿಲಿ ಚಿಲ್ಲರೆ. ಅಂದ್ರೆ "ನಾನು ಬರೀ ಒಂದು ಬಿಯರ್ ಕುಡ್ದೆ ಕಣಣ್ಣ" ಅಂತ ಬೈಕ್ ಹತ್ತೋ ಹುಡುಗ ಎರಡು ದೊಡ್ಡ ಪೆಗ್ ವಿಸ್ಕಿ ಹಾಕಿದ ಹಾಗೆಯೇ. ನನ್ನ ಆ 300 ಮಿಲಿ ಸ್ಟೌಟಿನಲ್ಲಿ ಇದ್ದದ್ದು 21 ಮಿಲಿ, ಒಂದು ಪೆಗ್ಗಿಗಿಂತ ಕಡಿಮೆ. ಆದ್ರೂ ಅವತ್ತು ಗಾಡಿ ಮುಟ್ಟಲಿಲ್ಲ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಮುಳಬಾಗಿಲಿನ ಹೈವೇಯಲ್ಲಿ ರಾತ್ರಿ ಬರೋ ಲಾರಿಗೆ ನೀವು ಕುಡಿದದ್ದು ಬಿಯರೋ ವಿಸ್ಕಿಯೋ ಗೊತ್ತಾಗಲ್ಲ.

2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯ್ತು. ಪ್ಯಾಕೆಟ್ ಹೋಯ್ತು, ಪ್ಯಾಕೆಟ್ಟಿನ ಮನಸ್ಸು ಹೋಗಲಿಲ್ಲ. ಕಡಿಮೆ ದುಡ್ಡಿಗೆ ಎಷ್ಟು ಬೇಗ ತಲೆಗೆ ಹತ್ತುತ್ತೆ ಅನ್ನೋದೇ ಇವತ್ತಿಗೂ ನಮ್ಮ ಅಳತೆಗೋಲು. ಕಂಪನಿಗಳಿಗೂ ಅದೇ ಬೇಕು. ರುಚಿ ಕೇಳದ ಗಿರಾಕಿಗೆ ರುಚಿ ಕೊಡೋ ಖರ್ಚು ಯಾಕೆ?

ಹುರಿದ ರಾಗಿ ಸೀದಿದೆಯೋ ಹದವಾಗಿದೆಯೋ ಅಂತ ಕಣ್ಣು ಮುಚ್ಚಿ ಹೇಳೋ ಜನ ನಾವು. ಆ ಮೂಗು, ಆ ನಾಲಿಗೆ ವೈನ್ ಶಾಪ್ ಕೌಂಟರ್ ಮುಂದೆ ಮಾತ್ರ ಯಾಕೆ ರಜೆ ಹಾಕಬೇಕು? ಕುಡಿಯಲೇಬೇಕು ಅನ್ನೋರು ಅರ್ಧ ಕುಡೀರಿ, ರುಚಿ ನೋಡಿ ಕುಡೀರಿ, ಬಸ್ಸಿನಲ್ಲಿ ಮನೆಗೆ ಹೋಗಿ.