ಕಥೆ ಬಿಟ್ಟು ಇನ್ನೇನು ಕಂಡಿತು?

ಸೆಮಿಸ್ಟರ್ ಶುರುವಾಗುವ ವಾರ ಕಾಲೇಜಿನ ನೋಟಿಸ್ ಬೋರ್ಡ್ ಮುಂದೆ ಐಚ್ಛಿಕ ವಿಷಯಗಳ ಪಟ್ಟಿ ನೋಡುತ್ತ ನಿಂತವರ ಮಾತು ಕೇಳಿಸಿಕೊಳ್ಳಿ. ‘ಫಿಲ್ಮ್ ಪೇಪರ್ ತಗೊಳ್ಳೇ, ಓದೋದೇನೂ ಇರಲ್ಲ, ಸಿನಿಮಾ ತೋರಿಸ್ತಾರೆ ಅಷ್ಟೇ’ ಎಂದು ಒಬ್ಬರಾದರೂ ಅಂದೇ ಅನ್ನುತ್ತಾರೆ. ಸಿನಿಮಾ ತೋರಿಸುವುದು ನಿಜ. ಆದರೆ ಮೂರನೇ ವಾರಕ್ಕೆ ಬರುವ ಹೊತ್ತಿಗೆ ಹಾಗಂದವರೇ ಪುಟಗಟ್ಟಲೆ ಟಿಪ್ಪಣಿ ಬರೆಯುತ್ತಿರುತ್ತಾರೆ, ಅದೂ ಎರಡೂವರೆ ನಿಮಿಷದ ಒಂದು ತುಣುಕಿನ ಬಗ್ಗೆ.

ಕರ್ನಾಟಕದ ಪದವಿ ಕಾಲೇಜುಗಳಲ್ಲಿ 2021-22ರಿಂದ, ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆಗೆ, ತಮ್ಮ ಮುಖ್ಯ ವಿಷಯದ ಹೊರಗಿನದೊಂದನ್ನು ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್ ಬಂತು. 2024-25ರಲ್ಲಿ ರಾಜ್ಯ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಲೆಕ್ಕಾಚಾರಗಳೂ ಬದಲಾದವು. ನೀತಿಯ ಹೆಸರು ಏನೇ ಇರಲಿ, ಬಿಕಾಂ ಹುಡುಗ, ಬಿಎಸ್ಸಿ ಹುಡುಗಿ ಒಂದೇ ಬೆಂಚಿನಲ್ಲಿ ಕುಳಿತು ಸಿನಿಮಾ ನೋಡಿ ಚರ್ಚಿಸುವ ಅವಕಾಶ ಬೆಲೆಬಾಳುವಂಥದ್ದು. ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದೇ ಈ ಅಧ್ಯಾಯದ ವಿಷಯ.

ನಾನು ಮೊದಲ ತರಗತಿಯಲ್ಲಿ ತೋರಿಸುವುದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ (1955) ಕೊನೆಯ ಭಾಗದ ಒಂದು ದೃಶ್ಯ. ದುಡಿಮೆಗೆಂದು ಹೋಗಿದ್ದ ಹರಿಹರ ಬಹಳ ದಿನಗಳ ಮೇಲೆ ಊರಿಗೆ ಬರುತ್ತಾನೆ. ಬಿರುಗಾಳಿಗೆ ಸಿಕ್ಕಿ ಮನೆ ಹಾಳಾಗಿದೆ. ಮಗಳು ದುರ್ಗಾ ತೀರಿಕೊಂಡಿದ್ದಾಳೆ. ಅದು ಅವನಿಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತ ಹೋಗುತ್ತಾನೆ: ಮಣೆ, ಲಟ್ಟಣಿಗೆ, ಚೌಕಟ್ಟು ಹಾಕಿಸಿದ ಲಕ್ಷ್ಮಿಯ ಪಟ. ಸರ್ವಜಯಾ ಮಾತಾಡುವುದಿಲ್ಲ. ಕೊನೆಗೆ ಮಗಳಿಗೆಂದು ತಂದ ಸೀರೆಯನ್ನು ಅವಳ ಕೈಗಿಡುತ್ತಾನೆ. ಆಗ ಅವಳ ಕಟ್ಟೆಯೊಡೆಯುತ್ತದೆ.

ಮೊದಲು ಇದನ್ನು ಧ್ವನಿಯಿಲ್ಲದೆ ಹಾಕುತ್ತೇನೆ. ಕಂಡದ್ದನ್ನು ಬರೆಯಿರಿ ಎಂದರೆ ಹೆಚ್ಚಿನವರು ಬರೆಯುವುದು ‘ತಾಯಿಗೆ ತುಂಬ ದುಃಖವಾಗಿದೆ’ ಎಂದು. ಅದು ಕಂಡದ್ದಲ್ಲ, ಊಹಿಸಿದ್ದು. ಕಂಡದ್ದು ಸೀರೆಯನ್ನು ಬಾಯಿಗೆ ಒತ್ತಿಕೊಂಡ ಕೈ, ಸೊಟ್ಟಗಾದ ತುಟಿ, ಕುಸಿದ ಹೆಗಲು. ಎರಡನೇ ಸಲ ಧ್ವನಿಯ ಜೊತೆ ತೋರಿಸಿ, ‘ಸರ್ವಜಯಾ ಅತ್ತದ್ದು ಕೇಳಿಸಿತಾ?’ ಎಂದು ಕೇಳುತ್ತೇನೆ. ಅರ್ಧ ತರಗತಿ ಕೈ ಎತ್ತುತ್ತದೆ. ಮೂರನೇ ಸಲ ತೋರಿಸಿದಾಗ ಕೊಠಡಿ ಗಪ್‌ಚುಪ್. ಅವಳ ಅಳು ಅಲ್ಲಿಲ್ಲ. ಬಾಯಿ ತೆರೆದಿದೆ, ಆದರೆ ಗಂಟಲಿನ ದನಿಯ ಜಾಗದಲ್ಲಿ ತಾರ್ ಶಹನಾಯಿ ಎತ್ತರದ ಸ್ವರದಲ್ಲಿ ಚೀರುತ್ತಿದೆ.

ತಾರ್ ಶಹನಾಯಿ ಎಂಬ ಹೆಸರು ಕೇಳಿ ಊದುವ ವಾದ್ಯ ಎಂದುಕೊಳ್ಳಬೇಡಿ. ಅದು ಕಮಾನಿನಿಂದ ನುಡಿಸುವ ತಂತಿವಾದ್ಯ. ಹಳೆಯ ಗ್ರಾಮಫೋನಿಗೆ ಇರುವಂಥ ಕಹಳೆಯೊಂದನ್ನು ಅದಕ್ಕೆ ಜೋಡಿಸಿರುತ್ತಾರೆ. ಈ ಚಿತ್ರದ ಸಂಗೀತ ರವಿಶಂಕರ್ ಅವರದು. ಅಳುವನ್ನು ತೆಗೆದು ವಾದ್ಯವನ್ನು ಇಡುವ ತೀರ್ಮಾನ ನಿರ್ದೇಶಕನದು. ಇಂಥ ತೀರ್ಮಾನವೊಂದನ್ನು ಸ್ವಂತ ಕಿವಿಯಿಂದ ಹಿಡಿದ ದಿನ ವಿದ್ಯಾರ್ಥಿಯ ಮಟ್ಟಿಗೆ ಕೋರ್ಸು ನಿಜವಾಗಿ ಶುರುವಾಗುತ್ತದೆ. ಪಠ್ಯದಲ್ಲಿ ಬರುವ ಶಾಟ್, ಫ್ರೇಮ್, ಕ್ಲೋಸಪ್, ಕಟ್ ಮುಂತಾದ ಮಾತುಗಳು ಆಮೇಲೆ ತಾವಾಗಿಯೇ ಬೇಕೆನಿಸುತ್ತವೆ. ಅವುಗಳ ವ್ಯಾಖ್ಯೆಯನ್ನೇ ಮೊದಲು ಬಾಯಿಪಾಠ ಮಾಡಿಸುವುದು ಈಜು ಕಲಿಯಬಂದವರನ್ನು ದಡದ ಮೇಲೆ ಕೂರಿಸಿ ಪಾಠ ಹೇಳಿದಂತೆ.

ಶಾಟುಗಳ ಜೋಡಣೆಯ ಪಾಠಕ್ಕೆ ಎಲ್ಲ ಕಡೆ ಹೇಳುವ ಉದಾಹರಣೆ ರಷ್ಯಾದ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಮಾಡಿದ ಪ್ರಯೋಗ. ಮೊಸ್ಜುಕಿನ್ ಎಂಬ ನಟನ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆ, ಹೀಗೆ ಬೇರೆ ಬೇರೆ ಚಿತ್ರಗಳ ಪಕ್ಕ ಅಂಟಿಸಿದರು. ನೋಡಿದವರು ಒಂದರಲ್ಲಿ ಹಸಿವು ಕಂಡರು, ಇನ್ನೊಂದರಲ್ಲಿ ಶೋಕ ಕಂಡರು. ಮುಖ ಮಾತ್ರ ಅದೇ. ಆ ಫಿಲ್ಮು ಇವತ್ತು ಉಳಿದಿಲ್ಲ, ಉಳಿಯದಿದ್ದರೂ ನಷ್ಟವಿಲ್ಲ. ಮೊಬೈಲ್ ಇದ್ದವರು ಹತ್ತು ನಿಮಿಷದಲ್ಲಿ ಅದನ್ನು ಮತ್ತೆ ಮಾಡಬಹುದು. ಗೆಳೆಯನೊಬ್ಬನನ್ನು ಏನೂ ಭಾವ ತೋರದೆ ಐದು ಸೆಕೆಂಡ್ ನೋಡುತ್ತ ಕೂರಲು ಹೇಳಿ. ಆ ತುಣುಕಿನ ಮುಂದೆ ಒಮ್ಮೆ ಬಿಸಿಬೇಳೆಬಾತಿನ ತಟ್ಟೆ, ಒಮ್ಮೆ ಮಾರ್ಕ್ಸ್ ಕಾರ್ಡು, ಒಮ್ಮೆ ಖಾಲಿ ತೊಟ್ಟಿಲು ಇಟ್ಟು ಮೂರು ಬೇರೆ ಬೇರೆ ಮನೆಗಳಲ್ಲಿ ತೋರಿಸಿ. ‘ಎಷ್ಟು ಚೆನ್ನಾಗಿ ಆಕ್ಟ್ ಮಾಡಿದ್ದಾನೆ!’ ಎಂದು ಯಾರಾದರೂ ಹೊಗಳದೆ ಇರುವುದಿಲ್ಲ.

ಇಷ್ಟು ಕಲಿತವರು ಅದೇ ಸಂಜೆ ಟಿವಿ ಸುದ್ದಿಯ ಮುಂದೆ ಬೇರೆ ರೀತಿ ಕೂರುತ್ತಾರೆ. ವೇದಿಕೆಯ ಮೇಲೆ ಮಾತಾಡುವ ನಾಯಕ, ಮರುಕ್ಷಣ ಚಪ್ಪಾಳೆ ತಟ್ಟುವ ಜನ. ಆ ಚಪ್ಪಾಳೆ ಆ ಮಾತಿಗೇ ಬಂದದ್ದೇ? ಎರಡೂ ಒಂದೇ ಫ್ರೇಮಿನಲ್ಲಿ ಕಾಣುವವರೆಗೆ ಹಾಗೆಂದು ಹೇಳಲು ಬರುವುದಿಲ್ಲ. ಸಿನಿಮಾ ಮತ್ತು ಮಾಧ್ಯಮವನ್ನು ಒಂದೇ ಕೋರ್ಸಿನಲ್ಲಿ ಕಟ್ಟಿರುವುದಕ್ಕೆ ನನಗೆ ಕಾಣುವ ಒಳ್ಳೆಯ ಕಾರಣ ಇದೇ.

ಬೆಳಕಿನ ಪಾಠಕ್ಕೆ ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ ಇದ್ದಾರೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋಗಿ ಗುರುದತ್ ಅವರ ಕ್ಯಾಮೆರಾ ಹಿಡಿದವರು. 1959ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕಿನ ಕಂಬ ನೋಡಿದವರು ಅದನ್ನು ಮರೆಯುವುದಿಲ್ಲ. ಅದು ದೀಪದ ಬೆಳಕಲ್ಲ, ಬಿಸಿಲು. ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಹಿಡಿದು ಒಳಕ್ಕೆ ತಿರುಗಿಸಿದ್ದರು. ಚಿಕ್ಕಂದಿನಲ್ಲಿ ಕನ್ನಡಿ ಚೂರು ಹಿಡಿದು ಎದುರು ಮನೆ ಗೋಡೆಯ ಮೇಲೆ ಬಿಸಿಲು ಕುಣಿಸಿದ ಎಲ್ಲರಿಗೂ ಇದು ಅರ್ಥವಾಗುವ ವಿದ್ಯೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

‘ನಾನು ಸೈನ್ಸ್, ನನಗೇಕೆ ಇದು?’ ಎನ್ನುವವರಿಗೆ ಇನ್ನೆರಡು ಹೆಸರು ಹೇಳಬೇಕು. ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಓದಿದ್ದು ಔಷಧ ವಿಜ್ಞಾನ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದದ್ದು ಆಮೇಲೆ. ಅವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ಕ್ಕೆ (1977) ಸ್ವರ್ಣಕಮಲ ಬಂತು, ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಇನ್ನೊಬ್ಬರು ಎಂ.ವಿ. ಗೋಪಾಲಸ್ವಾಮಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಸಂದದ್ದು ಆ ಕೇಂದ್ರಕ್ಕೆ. ಯಾವ ಪತ್ರಿಕೋದ್ಯಮ ವಿಭಾಗವೂ ಅವರಿಗೆ ಇದನ್ನು ಕಲಿಸಿರಲಿಲ್ಲ.

ಕಾಲೇಜಿನ ಮೆಟ್ಟಿಲು ಹತ್ತದವರೂ ಈ ವಿದ್ಯೆ ಕಲಿಯಬಲ್ಲರು ಎಂಬುದಕ್ಕೆ ಹೆಗ್ಗೋಡು ಸಾಕ್ಷಿ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನೀನಾಸಂ ಚಿತ್ರಸಮಾಜ ಕಟ್ಟಿದ್ದು 1973ರಲ್ಲಿ. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಜಪಾನಿನ, ಇಟಲಿಯ, ಬಂಗಾಳದ ಚಿತ್ರಗಳನ್ನು ನೋಡಿ ಚರ್ಚೆ ಮಾಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅಲ್ಲಿಗೇ ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳಿದರು. ಇಂಗ್ಲಿಷ್ ಬಾರದಿದ್ದರೆ ಸಿನಿಮಾ ಅಧ್ಯಯನ ಆಗದು ಎನ್ನುವ ಅಧ್ಯಾಪಕರನ್ನು ನೋಡಿದಾಗಲೆಲ್ಲ ನನಗೆ ಹೆಗ್ಗೋಡು ನೆನಪಾಗುತ್ತದೆ, ಸಿಟ್ಟೂ ಬರುತ್ತದೆ. ನಿಮ್ಮ ಅಸೈನ್‌ಮೆಂಟನ್ನು ಕನ್ನಡದಲ್ಲಿ ಬರೆಯಲು ಬಿಡುತ್ತಾರೆಯೇ ಎಂದು ವಿಷಯ ಆರಿಸಿಕೊಳ್ಳುವ ಮುನ್ನವೇ ಕೇಳಿ ತಿಳಿದುಕೊಳ್ಳಿ. ಹಾಗೆಯೇ, ಇಡೀ ಚಿತ್ರಗಳನ್ನು ತೋರಿಸುತ್ತಾರೋ ಬರೀ ತುಣುಕುಗಳನ್ನೋ ಎಂದೂ ಕೇಳಿ. ಕೊಠಡಿಯ ಕಿಟಕಿಗೆ ಪರದೆ ಇದೆಯೇ ನೋಡಿ. ನಾನು ಓದಿದ ಕಡೆ ಇರಲಿಲ್ಲ, ಕಪ್ಪು-ಬಿಳುಪು ಚಿತ್ರಗಳೆಲ್ಲ ಹಗಲಿನ ಬೆಳಕಿನಲ್ಲಿ ಬೂದಿ ಬಳಿದಂತೆ ಕಾಣುತ್ತಿದ್ದವು. ಹಾಸ್ಟೆಲಿನಿಂದ ಕಂಬಳಿ ತಂದು ಕಟ್ಟಿದ ದಿನವೇ ನಮಗೆ ನೆರಳು ಎಂದರೇನು ಎಂದು ತಿಳಿದದ್ದು.

ಮಾಧ್ಯಮದ ಅರ್ಧಭಾಗಕ್ಕೆ ಬೇಕಾದ್ದು ಒಂದು ಸ್ಕೇಲು, ಒಂದು ಪೆನ್ಸಿಲು, ಒಂದೇ ದಿನದ ಮೂರು ಕನ್ನಡ ದಿನಪತ್ರಿಕೆಗಳು. ಮುಖಪುಟದಲ್ಲಿ ಜಾಹೀರಾತಿಗೆ ಎಷ್ಟು ಕಾಲಂ ಸೆಂಟಿಮೀಟರ್ ಹೋಗಿದೆ, ಸುದ್ದಿಗೆ ಎಷ್ಟು ಉಳಿದಿದೆ, ಅಳೆಯಿರಿ. ಲೆಕ್ಕಶಾಸ್ತ್ರ ಓದುವವರು ಇದರಲ್ಲಿ ಮಿಕ್ಕವರನ್ನು ಹಿಂದೆ ಹಾಕುತ್ತಾರೆ. ಆಮೇಲೆ ಮೂರೂ ಪತ್ರಿಕೆಗಳಲ್ಲಿ ಬಂದ ಒಂದೇ ಸುದ್ದಿಯನ್ನು ಕತ್ತರಿಸಿ ಪಕ್ಕಪಕ್ಕ ಅಂಟಿಸಿ, ತಲೆಬರಹದ ನಾಮಪದ, ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿರಿ. ಒಬ್ಬರ ‘ಪ್ರತಿಭಟನೆ’ ಇನ್ನೊಬ್ಬರಲ್ಲಿ ‘ಗದ್ದಲ’ ಆಗಿರುತ್ತದೆ. ಒಂದರಲ್ಲಿ ಸಚಿವರು ‘ಹೇಳಿದರು’, ಇನ್ನೊಂದರಲ್ಲಿ ‘ಗುಡುಗಿದರು’. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದದ್ದು 1843ರಲ್ಲಿ, ಹರ್ಮನ್ ಮೊಗ್ಲಿಂಗ್ ಸಂಪಾದಕತ್ವದಲ್ಲಿ. ಅಂದಿನಿಂದ ಇಂದಿನ ವಾಟ್ಸ್ಆ್ಯಪ್ ಫಾರ್ವರ್ಡ್‌ವರೆಗೆ ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ: ಇದನ್ನು ಯಾರು ಹೇಳುತ್ತಿದ್ದಾರೆ, ಅವರಿಗೆ ಹೇಗೆ ಗೊತ್ತಾಯಿತು, ಅಚ್ಚಿನ ಖರ್ಚು ಯಾರದು?

ಇನ್ನು ಅಸೈನ್‌ಮೆಂಟ್. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಕಥೆ ಬರೆದು. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಕಥೆ, ಕೊನೆಗೆ ‘ಛಾಯಾಗ್ರಹಣ ಅದ್ಭುತವಾಗಿದೆ’. ಅದ್ಭುತ ಎಂಬ ಪದವನ್ನು ಸೆಮಿಸ್ಟರ್ ಮುಗಿಯುವವರೆಗೆ ಬೀಗ ಹಾಕಿ ಇಡಿ. ಬದಲಿಗೆ ಮೂವತ್ತು ಸೆಕೆಂಡಿನ ಒಂದು ಜಾಹೀರಾತು ತೆಗೆದುಕೊಂಡು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಶಾಟಿನ ಸಂಖ್ಯೆ, ಎಷ್ಟು ಸೆಕೆಂಡ್, ಏನು ಕಾಣುತ್ತದೆ, ಏನು ಕೇಳುತ್ತದೆ. ಪ್ರತಿ ಕಟ್ಟಿಗೂ ವಿಡಿಯೊ ನಿಲ್ಲಿಸಿ ತುಂಬಿ. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ, ಬೇಸರವೂ ಆಗುತ್ತದೆ. ಬಿಡಬೇಡಿ. ಒಗೆದ ಬಟ್ಟೆ ಎಲ್ಲೂ ಒಣಗುವುದೇ ಕಾಣಲಿಲ್ಲವಲ್ಲ, ನೇರ ಮೈಮೇಲೆ ಬಂತಲ್ಲ, ಅಪ್ಪ ಒಂದು ಶಾಟಿನಲ್ಲೂ ಅಡುಗೆಮನೆಗೆ ಕಾಲಿಡಲಿಲ್ಲವಲ್ಲ ಎಂಬಂಥ ಸಂಗತಿಗಳು ಎರಡನೇ ಕಾಲು ಗಂಟೆಯ ನಂತರವೇ ಹೊಳೆಯುವುದು.

ಕಳೆದ ಸಲ ಬಿಎಸ್ಸಿಯ ಹುಡುಗಿಯೊಬ್ಬಳು ಜಾಹೀರಾತು ಬಿಟ್ಟು ಅಜ್ಜಿ ದಿನಾ ನೋಡುವ ಧಾರಾವಾಹಿಯ ಒಂದು ದೃಶ್ಯವನ್ನು ಆರಿಸಿಕೊಂಡಿದ್ದಳು. ಸೊಸೆ ಬಾಗಿಲು ತೆರೆದು ಒಳಗೆ ಬರುವ ದೃಶ್ಯ. ಒಂದು ಬಾಗಿಲು ತೆರೆಯುವುದಕ್ಕೆ ಹನ್ನೊಂದು ಶಾಟ್. ಅತ್ತೆಯ ಮುಖ ಮೂರು ಸಲ, ಮೂರು ಸಲಕ್ಕೂ ಅದೇ ಢಣ್ ಎನ್ನುವ ಸದ್ದು. ಇಷ್ಟನ್ನೂ ಕಾಲಂ ಹಾಕಿ ಬರೆದಿದ್ದಳು. ಮನೆಯಲ್ಲಿ ಬರೆಯುತ್ತ ಕುಳಿತಾಗ ಅಜ್ಜಿ, ‘ಅದೇನೇ ಗೀಚ್ತಿದೀಯಾ, ಸುಮ್ನೆ ನೋಡಬಾರದಾ?’ ಎಂದು ಗದರಿದರಂತೆ. ಇವಳು ತೋರಿಸಿಕೊಟ್ಟಳಂತೆ. ಮರುದಿನ ಸಂಜೆ ಧಾರಾವಾಹಿ ಶುರುವಾದಾಗ ಅಜ್ಜಿ ಮಾತಾಡಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಬೆರಳು ಮಡಿಸುತ್ತಿದ್ದರಂತೆ.