ಅವಳಿ ಗರ್ಭದಲ್ಲಿ ಮಾಸಿನ ರಚನೆ ಮತ್ತು ಶಿಶುಗಳ ಕ್ಷೇಮ

ಅವಳಿ ಮಕ್ಕಳನ್ನು ಏಕಾಂಡಜರು, ದ್ವ್ಯಂಡಜರು ಎಂದು ಎರಡು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಒಂದೇ ಅಂಡದಿಂದ ಹುಟ್ಟಿ ಒಬ್ಬರನ್ನೊಬ್ಬರು ಹೋಲುವವರು ಮೊದಲನೆಯ ಬಗೆ. ಎರಡು ಅಂಡಗಳಿಂದ ಹುಟ್ಟಿದವರು ಎರಡನೆಯ ಬಗೆ. ಆನುವಂಶಿಕತೆಯ ಅಧ್ಯಯನಕ್ಕೆ ಈ ವಿಂಗಡಣೆಯೇ ಮುಖ್ಯವಾದುದು. ಆದರೆ ಗರ್ಭಿಣಿಯ ಆರೈಕೆಯ ದೃಷ್ಟಿಯಿಂದ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದು: ಎರಡು ಶಿಶುಗಳಿಗೆ ಮಾಸು ಒಂದೋ, ಎರಡೋ? ಅಪಾಯದ ಪ್ರಮಾಣ, ಪರೀಕ್ಷೆಗಳ ಕ್ರಮ, ಹೆರಿಗೆಯ ಕಾಲ ಇವೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ.

ಗ್ರಂಥಭಾಷೆಯಲ್ಲಿ ಜರಾಯುವೆನಿಸುವ ಮಾಸು, ತಾಯಿಯ ರಕ್ತದಿಂದ ಆಮ್ಲಜನಕವನ್ನೂ ಆಹಾರಾಂಶಗಳನ್ನೂ ಪಡೆದು ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಒಪ್ಪಿಸುವ ಅಂಗ. ಶಿಶುವನ್ನು ಆವರಿಸಿರುವ ಪೊರೆಗಳು ಎರಡು. ಮಾಸಿನೊಡನೆ ಬೆಳೆಯುವ ಹೊರಪೊರೆಗೆ ಕೋರಿಯಾನ್ ಎಂದೂ, ಗರ್ಭಜಲವನ್ನು ಹಿಡಿದಿರುವ ಒಳಪೊರೆಗೆ ಆಮ್ನಿಯಾನ್ ಎಂದೂ ಹೆಸರು. ದ್ವ್ಯಂಡಜರಲ್ಲಿ, ಅತ್ಯಪೂರ್ವವಾದ ಪ್ರಸಂಗಗಳನ್ನು ಬಿಟ್ಟರೆ, ಪ್ರತಿಯೊಂದು ಶಿಶುವಿಗೂ ತನ್ನದೇ ಆದ ಮಾಸೂ ಪೊರೆಗಳೂ ಇರುತ್ತವೆ. ಏಕಾಂಡಜರಲ್ಲಿ ಮಾತ್ರ ಇದು ಪಿಂಡವು ಇಬ್ಭಾಗವಾದ ದಿನವನ್ನು ಅನುಸರಿಸುತ್ತದೆ. ಸಾಮಾನ್ಯವಾಗಿ ಅಂಗೀಕೃತವಾಗಿರುವ ವಿವರಣೆಯಂತೆ, ಅಂಡವು ಫಲಿತವಾದ ಮೊದಲ 3 ದಿನಗಳೊಳಗೆ ವಿಭಜನೆಯಾದರೆ ಮಾಸೂ ಎರಡು, ಜಲಚೀಲವೂ ಎರಡು. 4ರಿಂದ 8ನೆಯ ದಿನದೊಳಗಾದರೆ ಮಾಸು ಒಂದು, ಚೀಲ ಎರಡು. ಏಕಾಂಡಜರಲ್ಲಿ ಬಹುಪಾಲು ಈ ವರ್ಗಕ್ಕೆ ಸೇರಿದವರು. ಅದಕ್ಕೂ ತಡವಾದರೆ ಮಾಸೂ ಚೀಲವೂ ಒಂದೊಂದೇ. ಸುಮಾರು 13ನೆಯ ದಿನವನ್ನು ಮೀರಿದರೆ ವಿಭಜನೆ ಪೂರ್ಣವಾಗದೆ ದೇಹಗಳು ಕೂಡಿಕೊಂಡಿರುವ ಅವಳಿಗಳಾಗುತ್ತವೆ.

ಇದರಿಂದ ಎರಡು ತಪ್ಪು ಗ್ರಹಿಕೆಗಳು ನಿವಾರಣೆಯಾಗುತ್ತವೆ. ಮಾಸು ಎರಡಿದ್ದ ಮಾತ್ರಕ್ಕೆ ಮಕ್ಕಳು ದ್ವ್ಯಂಡಜರೆಂದು ಹೇಳಲಾಗದು. ಏಕಾಂಡಜರಲ್ಲಿ ನೂರಕ್ಕೆ ಸುಮಾರು 30 ಜೋಡಿಗಳಿಗೆ ಮಾಸು ಎರಡಿರುತ್ತದೆ. ಅಂತೆಯೇ ಹೆರಿಗೆಯಲ್ಲಿ ಒಂದೇ ಮುದ್ದೆಯಾಗಿ ಬಿದ್ದ ಮಾಸೆಲ್ಲವೂ ಒಂದೇ ಮಾಸಲ್ಲ. ಒತ್ತಿಗೆ ಬೆಳೆದ ಎರಡು ಮಾಸುಗಳು ಅಂಚಿನಲ್ಲಿ ಕೂಡಿಕೊಂಡು ಒಂದರಂತೆ ಕಾಣುವುದುಂಟು.

ಒಂದೇ ಮಾಸನ್ನು ಹಂಚಿಕೊಂಡಿರುವ ಶಿಶುಗಳ ವಿಶೇಷವಾದ ಅಪಾಯಕ್ಕೆ ಕಾರಣ ರಕ್ತನಾಳಗಳ ಕೂಡಿಕೆ. ಇಂಥ ಮಾಸುಗಳೆಲ್ಲದರಲ್ಲಿಯೂ ಎಂಬಷ್ಟರಮಟ್ಟಿಗೆ ಒಂದು ಶಿಶುವಿನ ನಾಳಗಳು ಇನ್ನೊಂದರ ನಾಳಗಳೊಡನೆ ಸೇರಿರುತ್ತವೆ. ಜರ್ಮನಿಯ ಪ್ರಸೂತಿತಜ್ಞ ಫ್ರೀಡ್ರಿಷ್ ಷಾಟ್ಸ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿ, ಎರಡು ಶಿಶುಗಳ ಪ್ರತ್ಯೇಕ ಪರಿಚಲನೆಗಳ ಜೊತೆಗೆ ಇದು ಮೂರನೆಯ ಪರಿಚಲನೆಯೆಂದು ನಿರೂಪಿಸಿದನು. ಕೊಡುಕೊಳ್ಳುವಿಕೆ ಸಮವಾಗಿರುವವರೆಗೆ ಕೇಡಿಲ್ಲ. ಆದರೆ ನೂರಕ್ಕೆ 10ರಿಂದ 15 ಗರ್ಭಗಳಲ್ಲಿ ರಕ್ತವು ಒಂದೇ ಕಡೆಗೆ ಹೆಚ್ಚಾಗಿ ಹರಿಯತೊಡಗುತ್ತದೆ. ಕೊಡುವ ಶಿಶುವಿನ ರಕ್ತ ತಗ್ಗಿ, ಮೂತ್ರ ಕಡಮೆಯಾಗಿ, ಅದರ ಚೀಲದ ಜಲ ಬತ್ತುತ್ತದೆ. ಪಡೆಯುವ ಶಿಶುವಿಗೆ ರಕ್ತವೇ ಹೊರೆಯಾಗಿ ಹೃದಯ ಬಳಲುತ್ತದೆ. ಅದರ ಚೀಲ ಜಲದಿಂದ ಉಬ್ಬುತ್ತದೆ. ಚಿಕಿತ್ಸೆಯಿಲ್ಲದಿದ್ದರೆ, ಗರ್ಭದ ಮಧ್ಯಕಾಲದಲ್ಲಿಯೇ ಉಗ್ರರೂಪ ತಾಳಿದ ಈ ರೋಗದಲ್ಲಿ ಬಹುಪಾಲು ಶಿಶುಗಳು ಉಳಿಯುವುದಿಲ್ಲ.

ಮಾಸಿನ ಹಂಚಿಕೆಯೇ ಅಸಮವಾಗಿದ್ದರೆ ಕಿರಿದಾದ ಪಾಲು ದೊರೆತ ಶಿಶುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಚೀಲವೂ ಒಂದೇ ಆಗಿದ್ದಲ್ಲಿ ಹೊಕ್ಕುಳಬಳ್ಳಿಗಳು ಹೆಣೆದುಕೊಳ್ಳುವ ಭಯವಿದೆ. ಇವೆಲ್ಲಕ್ಕಿಂತ ಕ್ರೂರವಾದುದು ಒಂದು ಶಿಶು ಗರ್ಭದಲ್ಲಿಯೇ ಮೃತವಾದಾಗಿನ ಪರಿಸ್ಥಿತಿ. ಬದುಕಿರುವ ಶಿಶುವಿನ ರಕ್ತವು ಕೂಡುನಾಳಗಳ ಮೂಲಕ ಮೃತಶಿಶುವಿನೊಳಕ್ಕೆ ಹಠಾತ್ತನೆ ಹರಿದು, ಅದರ ಪ್ರಾಣಕ್ಕೂ ಮಿದುಳಿಗೂ ಆಘಾತವಾಗಬಹುದು. ಇಂಥ ಸಂದರ್ಭದಲ್ಲಿ ಎರಡನೆಯ ಶಿಶುವೂ ಸಾಯುವುದು ಒಂದೇ ಮಾಸಿನ ಅವಳಿಗಳಲ್ಲಿ ನೂರಕ್ಕೆ ಸುಮಾರು 15; ಎರಡು ಮಾಸಿನವುಗಳಲ್ಲಿ ಸುಮಾರು 3.

ರಕ್ತದ ಅಸಮ ಹರಿವಿಗೆ ಈಗ ಚಿಕಿತ್ಸೆಯುಂಟು. ಅಂತರ್ದರ್ಶಕ ನಳಿಕೆಯೊಂದನ್ನು ಗರ್ಭಕೋಶದೊಳಕ್ಕೆ ತೂರಿಸಿ, ಕೂಡುನಾಳಗಳನ್ನು ಲೇಸರ್ ಕಿರಣದಿಂದ ಮುಚ್ಚುವ ಈ ಕ್ರಮದ ಮೊದಲ ಫಲಿತಾಂಶಗಳು 1990ರಲ್ಲಿ ಅಮೆರಿಕದಿಂದ ಪ್ರಕಟವಾದುವು. ಹೆಚ್ಚಿದ ಜಲವನ್ನು ಪದೇ ಪದೇ ಹೊರತೆಗೆಯುವ ಹಳೆಯ ಕ್ರಮದೊಡನೆ ಇದನ್ನು ಹೋಲಿಸಿದ ಯೂರೋಪಿನ ಪ್ರಯೋಗವೊಂದರ ಫಲ 2004ರಲ್ಲಿ ಬೆಳಕಿಗೆ ಬಂದಿತು. ಹುಟ್ಟಿದ 28 ದಿನಗಳವರೆಗೆ ಒಂದು ಶಿಶುವಾದರೂ ಉಳಿದದ್ದು ಲೇಸರ್ ಕ್ರಮದಲ್ಲಿ ನೂರಕ್ಕೆ 76, ಹಳೆಯ ಕ್ರಮದಲ್ಲಿ 56.

ಚಿಕಿತ್ಸೆಯು ಸಕಾಲದಲ್ಲಿ ದೊರೆಯಬೇಕಾದರೆ ಮಾಸಿನ ಬಗೆ ಮೊದಲೇ ತಿಳಿದಿರಬೇಕು. ಇದಕ್ಕೆ ಪ್ರಶಸ್ತವಾದ ಕಾಲ 11ರಿಂದ 14ನೆಯ ವಾರ. ಆಗ ಅಲ್ಟ್ರಾಸೌಂಡ್ ಚಿತ್ರದಲ್ಲಿ ಎರಡು ಚೀಲಗಳ ನಡುವಣ ಪೊರೆಯ ಬುಡವನ್ನು ನೋಡಬೇಕು. ಮಾಸು ಎರಡಿದ್ದರೆ ಕೋರಿಯಾನಿನ ಅಂಗಾಂಶವು ಪೊರೆಯ ಪದರಗಳ ನಡುವೆ ಬೆಣೆಯಂತೆ ಏರಿ ಗ್ರೀಕ್ ಲಿಪಿಯ ಲ್ಯಾಂಬ್ಡಾ ಅಕ್ಷರದ ಆಕಾರ ತಳೆಯುತ್ತದೆ. ಮಾಸು ಒಂದೇ ಆದರೆ ತೆಳುವಾದ ಪೊರೆಯು ಇಂಗ್ಲಿಷಿನ ಟಿ ಅಕ್ಷರದಂತೆ ನೇರವಾಗಿ ನಿಲ್ಲುತ್ತದೆ. ತಿಂಗಳುಗಳು ಕಳೆದಂತೆ ಈ ಲಕ್ಷಣ ಮಸುಕಾಗುತ್ತದೆ. ಒಂದೇ ಮಾಸೆಂದು ಕಂಡುಬಂದಲ್ಲಿ 16ನೆಯ ವಾರದಿಂದ ಎರಡು ವಾರಗಳಿಗೊಮ್ಮೆ ಪರೀಕ್ಷೆ ನಡೆಯಬೇಕು. ಎರಡಾದರೆ ನಾಲ್ಕು ವಾರಗಳಿಗೊಮ್ಮೆ ಸಾಕು. ಬೇರೆ ತೊಡಕುಗಳಿಲ್ಲದಿದ್ದರೆ, ಎರಡು ಮಾಸಿನವರಿಗೆ ಸುಮಾರು 37ನೆಯ ವಾರದಲ್ಲಿಯೂ, ಒಂದು ಮಾಸು ಎರಡು ಚೀಲದವರಿಗೆ ಸುಮಾರು 36ರಲ್ಲಿಯೂ, ಚೀಲವೂ ಒಂದೇ ಆದವರಿಗೆ 32ರಿಂದ 34ರೊಳಗೂ ಹೆರಿಗೆ ಮಾಡಿಸುವುದು ಇಂದು ವಿಹಿತವೆನಿಸಿದೆ.

ಆದುದರಿಂದ ಗರ್ಭಿಣಿಯ ಚೀಟಿಯಲ್ಲಿ ‘ಅವಳಿ’ ಎಂದಷ್ಟೇ ಬರೆದರೆ ಸಾಲದು. ತಡವಾಗಿ ಪರೀಕ್ಷೆಗೆ ಬಂದ ತಾಯಿಯಲ್ಲಿ ಈ ವಿಷಯವನ್ನು ನಿಶ್ಚಯಿಸುವುದು ಕಷ್ಟ. ಮೊದಲೇ ಬಂದವಳಲ್ಲಿ ಅದನ್ನು ಬರೆದಿಡದೆ ಹೋದರೆ ಬಂದ ಪ್ರಯೋಜನವೇ ನಷ್ಟ. ಸಂಶೋಧಕರಿಗೂ ಇದೇ ಮಾತು ಅನ್ವಯಿಸುತ್ತದೆ. ಎಲ್ಲ ಅವಳಿಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ತೆಗೆದ ಮರಣದ ಸರಾಸರಿಯಲ್ಲಿ, ಹೆಚ್ಚು ಅಪಾಯಕ್ಕೊಳಗಾದ ಶಿಶುಗಳು ಕಣ್ಮರೆಯಾಗುತ್ತವೆ.